ಹಳೇ ವಿಸಿಡಿ: ಇಟ್ಕೊಳ್ಳೋದಾ, ಗುಜರಿಗಾ?

ಮಳವಳ್ಳಿಯಿಂದ ಕೇಳುಗರೊಬ್ಬರ ಪ್ರಶ್ನೆ: ‘ಅಪ್ಪ ಕೂಡಿಟ್ಟಿರೋ ಅಂಬರೀಶಣ್ಣನ ಸಿನಿಮಾ ವಿಸಿಡಿಗಳನ್ನ ಇಟ್ಕೊಳ್ಳೋದಾ, ಗುಜರಿಗೆ ಹಾಕೋದಾ?’

ಒಂದು ವಿಸಿಡಿಯಲ್ಲಿ ಹಿಡಿಯೋದೇ 74ರಿಂದ 80 ನಿಮಿಷ. ಅದಕ್ಕೇ ಒಂದು ಸಿನಿಮಾಗೆ ಎರಡು ಮೂರು ಡಿಸ್ಕ್. ಚಿತ್ರ ಮಸುಕು, ನಿಜ. ಆದರೆ ಓಟಿಟಿಗೆ ನಾವು ಕಟ್ಟೋದು ಬಾಡಿಗೆ. ಪ್ರಸಾರದ ಹಕ್ಕಿನ ಅವಧಿ ಮುಗಿದ್ರೆ ಸಿನಿಮಾನೂ ಹೋಯ್ತು. ಡಿಸ್ಕ್ ಮನೆಯಲ್ಲೇ ಇರುತ್ತೆ.

ಹಾಗಾಗಿ ಮೊದಲು ಪಟ್ಟಿ ಮಾಡಿ. ‘ಅಂತ’ (1981), ‘ಮಂಡ್ಯದ ಗಂಡು’ (1994) ಥರದವು ಆನ್‌ಲೈನಲ್ಲಿ ಪೂರ್ತಿ ಸಿಗುತ್ತಾ ನೋಡಿ. ಸಿಗದೇ ಇರೋದನ್ನ ಇಟ್ಕೊಳ್ಳಿ. ಮನೆ ಮದುವೆ ಸಿಡಿ ಇದ್ರೆ ಅದನ್ನ ಮೊದಲು ಕಾಪಿ ಮಾಡಿ: ಬರ್ನ್ ಮಾಡಿದ ಡಿಸ್ಕ್ ಬೇಗ ಹಾಳಾಗುತ್ತೆ, ಇನ್ನೊಂದು ಪ್ರತಿ ಎಲ್ಲೂ ಸಿಗಲ್ಲ. ಡಿಸ್ಕ್ ಡ್ರೈವ್ ಇರೋ ಕಂಪ್ಯೂಟರ್ ಹುಡುಕಿ, ಎರಡು ಕಡೆ ಕಾಪಿ ಇಡಿ. ಈ ವಾರಾನೇ ಮಾಡಿ.