ಮೇಲೆ ಅರಣ್ಯ, ಕೆಳಗೆ ತೋಟ: ಗುಡ್ಡ ಜರಿಯುವ ಅಪಾಯವನ್ನು ಅಳೆಯುವುದು ಹೇಗೆ?

ಮಳೆಗಾಲಕ್ಕೆ ಮುಂಚಿತವಾಗಿ ಮೈಲುತುತ್ತು, ಸುಣ್ಣ ಒದಗಿಸಿಕೊಂಡು ಕೊಳೆರೋಗಕ್ಕೆ ಸಿದ್ಧರಾಗುವುದು ನಮ್ಮೆಲ್ಲರ ವಾಡಿಕೆ. ಅದೇ ಸಿದ್ಧತೆಯನ್ನು ಮನೆಯ ಹಿಂದಿನ ಗುಡ್ಡದ ವಿಷಯದಲ್ಲಿಯೂ ಮಾಡಿಕೊಳ್ಳತಕ್ಕದ್ದೆಂದು ಸದಸ್ಯ ಬಾಂಧವರಿಗೆ ಸೂಚಿಸಬಯಸುತ್ತೇವೆ. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಬಾಲಕಿಯರು ತೀರಿಕೊಂಡರು. ಅದಕ್ಕೆ ನಾಲ್ಕು ವರ್ಷ ಹಿಂದೆ, 2018ರ ಆಗಸ್ಟಿನಲ್ಲಿ, ಜೋಡುಪಾಲ, ಮದೆನಾಡುಗಳಿಂದ ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರು ಸಂಪಾಜೆ, ಅರಂತೋಡುಗಳಲ್ಲಿ ಆಶ್ರಯ ಪಡೆದುದನ್ನು ನಾವು ಮರೆತಿಲ್ಲ.

ನಮ್ಮ ತೋಟಗಳ ನೆತ್ತಿಯ ಮೇಲೆ ಪುಷ್ಪಗಿರಿ ವನ್ಯಧಾಮವಿದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಅದೂ ಒಂದು. ಆ ಗೌರವ ಸಂದದ್ದು ಗಿಡಮರ, ಪ್ರಾಣಿಪಕ್ಷಿಗಳ ಸಲುವಾಗಿ. ಇಳಿಜಾರಿನ ಮಣ್ಣನ್ನು ಯಾರೂ ತೂಗಿ ನೋಡಿ ಕೊಟ್ಟದ್ದಲ್ಲ. 1,712 ಮೀಟರ್ ಎತ್ತರದ ಕುಮಾರ ಪರ್ವತದಿಂದ ಕ್ಷೇತ್ರದವರೆಗೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಇಳಿತ. ಕೋಟ್ಯಂತರ ವರ್ಷಗಳಿಂದ ಸವೆದು, ಜರಿದು ಈ ಘಟ್ಟ ಇಂದಿನ ಆಕಾರಕ್ಕೆ ಬಂದಿದೆ. ಕಾಡಿದ್ದರೆ ಜರಿತ ಕಡಿಮೆ ಎಂಬುದು ನಿಜ, ಇಲ್ಲವೇ ಇಲ್ಲ ಎಂಬುದು ನಿಜವಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜರಿದು ಅರ್ಚಕರ ಮನೆಯೇ ಮಣ್ಣುಪಾಲಾಯಿತು.

ಜರಿಯುವ ಸಾಧ್ಯತೆ ಬೇರೆ, ಅಪಾಯ ಬೇರೆ. ಕಾಡಿನ ನಡುವೆ ಕಡಿದಾದ ಗುಡ್ಡವೊಂದು ಜರಿದರೂ ಕೆಳಗೆ ಯಾರೂ ಇಲ್ಲದಿದ್ದರೆ ಜೀವಾಪಾಯವಿಲ್ಲ. ಹದಿನೈದಡಿಯ ಬರೆಯ ಬುಡದಲ್ಲಿ ಅಡಿಗೆಮನೆ ಇದ್ದರೆ ಅಲ್ಲಿಯೇ ಅಪಾಯ ದೊಡ್ಡದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ತಯಾರಿಸಿದ್ದಾರೆ. ಉಪಯುಕ್ತ ನಕ್ಷೆಯೇ ಸರಿ. ಆದರೆ ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್; ಒಂದು ಎಕ್ರೆ ತೋಟ ಸಾಸಿವೆ ಕಾಳಿಗಿಂತ ದೊಡ್ಡದಾಗಿ ಕಾಣದು. ಕಳೆದ ಏಪ್ರಿಲಿನಲ್ಲಿ ತಾವು ಹಿಟಾಚಿ ತರಿಸಿ ಅಂಗಳ ಅಗಲ ಮಾಡಿದ್ದು ಆ ನಕ್ಷೆಗೆ ಗೊತ್ತಿಲ್ಲ. ಆದುದರಿಂದ ಉಳಿದ ಲೆಕ್ಕವನ್ನು ನಾವೇ ನಡೆದು ಮಾಡಬೇಕು.

ಮೊದಲು ಇಳಿಜಾರು. ಹತ್ತಡಿಯ ಬಿದಿರನ್ನು ಮಟ್ಟಸವಾಗಿ ಹಿಡಿದು, ಅದರ ತುದಿಯಿಂದ ನೆಲಕ್ಕೆ ತೂಗುಗುಂಡು ಬಿಟ್ಟು ಅಳೆಯಿರಿ. ನಾಲ್ಕಡಿ ಬಂದರೆ ಇಳಿಜಾರು ಸುಮಾರು 22 ಡಿಗ್ರಿ. ಆರಡಿ ಬಂದರೆ 31 ಡಿಗ್ರಿ. ನಾಲ್ಕಡಿ ದಾಟಿ, ಮೇಲೆ ದಪ್ಪನೆಯ ಮಣ್ಣಿದ್ದರೆ ಆ ಜಾಗವನ್ನು ಗುರುತಿಟ್ಟುಕೊಳ್ಳತಕ್ಕದ್ದು. ಅನಂತರ ಕಡಿದ ಬರೆಯನ್ನು ನೋಡಿರಿ. ಮೇಲಿನ ಮುರಕಲ್ಲು ಗೋಡೆಯಂತೆ ನಿಂತಿದೆಯೆಂದು ಧೈರ್ಯ ತಾಳಬಾರದು. ಅದರಡಿಯಲ್ಲಿ ಶೇಡಿ ಮಣ್ಣು ಇದ್ದರೆ ನೀರು ಕುಡಿದಾಗ ಅದರ ಬಲ ಉಡುಗುತ್ತದೆ, ಮುರಕಲ್ಲು ಸಮೇತ ಕೆಳಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ನೀರು. ಒಂದು ಎಕ್ರೆಗೆ 100 ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್, ಅಂದರೆ ನಾನೂರು ಟನ್ ಭಾರ. ಭಾರಕ್ಕಿಂತಲೂ ಕೆಟ್ಟದ್ದು ಒಳಗಿನ ಒತ್ತಡ: ಬಂಡೆಯ ಮೇಲೆ ನಿಂತ ನೀರು ಮಣ್ಣಿನ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಇಲ್ಲಿ ಇಂಗುಗುಂಡಿಗಳ ಮಾತು ಬರುತ್ತದೆ. ಬೇಸಗೆಯಲ್ಲಿ ಸುರಂಗದ ನೀರು ಬತ್ತುವುದನ್ನು ಕಂಡ ನಮಗೆ ಇಂಗುಗುಂಡಿ ಪ್ರಿಯವಾದುದು ಸಹಜ. ಸಮತಟ್ಟಾದ ಜಾಗದಲ್ಲಿ, ಸಣ್ಣ ಇಳಿಜಾರಿನಲ್ಲಿ ಅದು ಒಳ್ಳೆಯದೇ. ಆದರೆ ಮನೆಯ ಮೇಲ್ಭಾಗದ ಕಡಿದಾದ ಗುಡ್ಡದಲ್ಲಿ ಗುಂಡಿಯನ್ನಾಗಲಿ, ನೀರು ನಿಲ್ಲುವ ಅಗಳನ್ನಾಗಲಿ ತೋಡುವುದು ಗುಡ್ಡಕ್ಕೆ ನೀರು ಕುಡಿಸಿದಂತೆ. ಅಂಥಲ್ಲಿ ಬೇಕಾದುದು ನೀರನ್ನು ಬೇಗ ಪಕ್ಕದ ತೋಡಿಗೆ ಸಾಗಿಸುವ ಕಣಿ. ಈಗಾಗಲೇ ಗುಂಡಿಗಳಿದ್ದರೆ ಮೇ ತಿಂಗಳೊಳಗೆ ಮುಚ್ಚಿ ಮಣ್ಣನ್ನು ಗಟ್ಟಿಯಾಗಿ ತುಳಿಸಬೇಕು.

ವನ್ಯಧಾಮದೊಳಗೆ ಹೋಗಿ ನಾವು ಅಳೆಯುವಂತಿಲ್ಲ, ಕಣಿ ತೋಡುವಂತೆಯೂ ಇಲ್ಲ. ಅಲ್ಲಿನ ಸುದ್ದಿಯನ್ನು ತೋಡೇ ತರಬೇಕು. ಅಡಿಕೆ ತೋಟ ಇರುವುದೇ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಮೇಲಿನಿಂದ ಜರಿದ ಮಣ್ಣು, ಮರ, ಬಂಡೆಗಳಿಗೂ ಅದೇ ದಾರಿ. ತೋಟದ ಮಣ್ಣಿನಡಿಯಲ್ಲಿ ಮೂಲೆ ಸವೆಯದ ಬಂಡೆಗಳು ಜೇಡಿಯೊಡನೆ ಕಲಸಿದಂತೆ ಸಿಕ್ಕಿದರೆ ಹಿಂದೆಂದೋ ಅಲ್ಲಿಗೆ ಗುಡ್ಡ ಬಂದಿದ್ದೀತು ಎಂದು ತಿಳಿಯಬೇಕು. ಕೆಲಸದವರ ಮನೆಯನ್ನು ಅಂಥ ತೋಡಿನ ದಡದಲ್ಲಿ ಕಟ್ಟಿಸಬಾರದು.

ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಆರು ಬಾರಿ ಹೊರಟಿದೆ. ಆರನೆಯದರ ತಾರೀಕು 2024ರ ಜುಲೈ 31, ವಯನಾಡಿನ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದ ಮರುದಿನ. ಅದರ ಕುರಿತು ಬೆಳೆಗಾರರ ತಕರಾರುಗಳು ಇದ್ದೇ ಇವೆ. ಆ ವಾದ ತೀರುವ ತನಕ ಬರೆ ಕಾದು ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಗಮನಿಸಬೇಕಾದ ಲಕ್ಷಣಗಳು ಹಲವು. ಗುಡ್ಡದ ಮೇಲ್ತಲೆಯಲ್ಲಿ ಅಡ್ಡಲಾಗಿ ಬಿರುಕು, ಮಾಲಿದ ಮರಗಳು, ಇಲ್ಲದಲ್ಲಿ ಹೊಸ ಒರತೆ, ತಿಳಿಯಾಗಿದ್ದ ಒರತೆಯಲ್ಲಿ ಕೆಸರು, ತೆರೆಯಲು ಬಾರದ ಬಾಗಿಲು. ಬಿರುಕಿಗೆ ನೀರಿಳಿಯದಂತೆ ಮಣ್ಣು ತುಂಬಿ ಟಾರ್ಪಾಲು ಹೊದೆಸಬಹುದು; ಅದು ಚಿಕಿತ್ಸೆಯಲ್ಲ, ಬರಿಯ ತಡೆ. ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಹಠಾತ್ತನೆ ಇಳಿದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು. ಆಗ ದನ ಬಿಚ್ಚಲಿಕ್ಕೂ ನಿಲ್ಲದೆ, ತೋಡಿನ ಉದ್ದಕ್ಕೆ ಓಡದೆ, ಅಡ್ಡಕ್ಕೆ ಸರಿದು ದಿಣ್ಣೆ ಹತ್ತಬೇಕು. ಬಿರುಕು ಕಂಡವರು ಪಂಚಾಯತಿಗೂ, ಜಿಲ್ಲಾ ತುರ್ತು ದೂರವಾಣಿ 1077ಕ್ಕೂ ತಿಳಿಸಬೇಕು. ಇದು ರಾತ್ರಿ ಬೆಳಗಾಗುವ ತನಕ ಕಾಯುವ ವಿಷಯವಲ್ಲ.

ಕೊನೆಯದಾಗಿ ಮಳೆಯ ಪುಸ್ತಕ. ದಿನದ ಅಂಕಿಯ ಪಕ್ಕದಲ್ಲಿ ಹಿಂದಿನ ಮೂರು ದಿನದ ಮೊತ್ತವನ್ನೂ, ಹತ್ತು ದಿನದ ಮೊತ್ತವನ್ನೂ ಬರೆಯುವ ರೂಢಿ ಮಾಡಿಕೊಳ್ಳಿರಿ. ಗುಡ್ಡ ಜರಿಯುವುದು ಹೆಚ್ಚಾಗಿ ನೆನೆದು ತುಂಬಿದ ಮೇಲೆ ಬೀಳುವ ದೊಡ್ಡ ಮಳೆಗೆ. ವಯನಾಡಿನಲ್ಲಿ ದುರಂತದ ಹಿಂದಿನ 48 ಗಂಟೆಗಳಲ್ಲಿ 570 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗಿತ್ತು. ಬರೆ ಜರಿದ ದಿನ, ಹೊತ್ತು, ಆ ದಿನದ ಮೊತ್ತಗಳನ್ನು ಬರೆದಿಟ್ಟವರು ಸಂಘದ ಕಚೇರಿಗೆ ಒಂದು ಪ್ರತಿ ಕೊಡಬೇಕೆಂದೂ, ಮಳೆಮಾಪಕ ಇಲ್ಲದವರು ಮೇ ತಿಂಗಳೊಳಗೆ ಹೆಸರು ಬರೆಯಿಸಬೇಕೆಂದೂ ಕೋರುತ್ತೇವೆ.