ಶಬ್ದ ಸಹಿಸದ ಕಿವಿಗೆ ಯಂತ್ರಸಂಗೀತ: ಯಾವುದು ಹಿತ, ಯಾವುದು ಅಹಿತ?

ಷಟ್‌ಸ್ಥಲ ಸಿದ್ಧಾಂತದಲ್ಲಿ ಪ್ರತಿಯೊಂದು ಇಂದ್ರಿಯಕ್ಕೂ ಒಂದೊಂದು ಲಿಂಗದ ಸಂಬಂಧವಿದೆ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ. ಕಿವಿಯ ಮುಖದಲ್ಲಿ ಸಲ್ಲುವ ಅರ್ಪಿತವೇ ಶಬ್ದ. ಆಯುರ್ವೇದವೂ ಶ್ರೋತ್ರವನ್ನು ಆಕಾಶ ಮಹಾಭೂತದ ಇಂದ್ರಿಯವೆಂದು ಕರೆದು, ಶಬ್ದವನ್ನು ಅದರ ವಿಷಯವೆಂದು ಹೇಳುತ್ತದೆ. ಬಾಯಿಗೆ ಇಡುವ ಆಹಾರದ ಹಿತಾಹಿತವನ್ನು ವಿಚಾರಿಸುವ ನಾವು, ಕಿವಿಗೆ ಬೀಳುವ ಆಹಾರದ ಹಿತಾಹಿತವನ್ನೂ ವಿಚಾರಿಸಬೇಕಾಗಿದೆ.

ಇಂದು ಬಿಂಕದಕಟ್ಟಿಯೂ ಸೇರಿದಂತೆ ಗದಗ ಸುತ್ತಣ ಊರುಗಳಲ್ಲಿ ಮದುವೆ, ಜಾತ್ರೆ, ಮೆರವಣಿಗೆಗಳೆಂದರೆ ಸಮಾಳ, ನಂದಿಕೋಲು, ಝಾಂಜ್ ಮೇಳಗಳ ಜೊತೆಗೆ ಡಿಜೆ ಬಂದೇ ಬರುತ್ತದೆ. ಭಜನೆಗೂ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್ ಬಂದಿವೆ. ಹಲವರಿಗೆ ಇದು ಉಲ್ಲಾಸ ತರುತ್ತದೆ. ಆದರೆ ಕೆಲವರಿಗೆ ಅದೇ ನಾದ ಹಿಂಸೆಯಾಗುತ್ತದೆ. ಅರೆತಲೆನೋವಿನವರು, ಆಟಿಸಂ ಇರುವ ಮಕ್ಕಳು, ಕಿವಿಯಲ್ಲಿ ಮೊರೆತವಿರುವ ಹಿರಿಯರು, ಜ್ವರದಿಂದ ಈಗಷ್ಟೇ ಎದ್ದವರು ಈ ಗುಂಪಿನಲ್ಲಿದ್ದಾರೆ. ಕಿವಿ ಮುಚ್ಚಿಕೊಂಡು ಅಳುವ ಮಗುವನ್ನು ಹಟಮಾರಿಯೆಂದೂ, ಎದ್ದು ಹೋಗುವ ಹೆಣ್ಣುಮಗಳನ್ನು ನಾಜೂಕಿನವಳೆಂದೂ ಜರೆಯುವುದುಂಟು. ಇಂಥ ಮಾತಿಗೆ ಅಂಜಿ ಕೆಲವು ಕುಟುಂಬಗಳು ಜಾತ್ರೆಗೆ ಬರುವುದನ್ನೇ ಬಿಡುತ್ತವೆ. ಇವರ ಕಷ್ಟ ನಿಜವಾದುದು ಎಂಬುದನ್ನು ಮೊದಲು ಒಪ್ಪಬೇಕು.

ಶಬ್ದಾಸಹಿಷ್ಣುತೆ

ವಾಗ್ಭಟರ ಅಷ್ಟಾಂಗಹೃದಯವು ರಸಧಾತು ಕ್ಷೀಣಿಸಿದಾಗ ತೋರುವ ಲಕ್ಷಣಗಳನ್ನು ಹೇಳುವಾಗ ರೂಕ್ಷತೆ, ಶ್ರಮ, ಗ್ಲಾನಿಗಳ ಜೊತೆಗೆ ಶಬ್ದಾಸಹಿಷ್ಣುತೆಯನ್ನೂ ಹೆಸರಿಸಿದೆ. ಶಬ್ದವನ್ನು ಸಹಿಸಲಾಗದಿರುವುದು ಎಂದು ಅದರ ಅರ್ಥ. ನಿದ್ರೆಗೆಟ್ಟು, ಹಸಿದು, ದಣಿದ ದೇಹಕ್ಕೆ ಪಾತ್ರೆಯ ಸದ್ದೂ ಸಿಡಿಲಾಗುವುದು ಎಲ್ಲರ ಅನುಭವ. ಇದೇ ಸ್ಥಿತಿ ಕೆಲವರಲ್ಲಿ ಸ್ಥಿರವಾಗಿ ನಿಂತುಬಿಡುತ್ತದೆ. ಆಧುನಿಕ ವೈದ್ಯರು ಇದನ್ನು ಹೈಪರಕ್ಯೂಸಿಸ್ ಎನ್ನುತ್ತಾರೆ. ಶ್ರವಣ ಪರೀಕ್ಷೆಯಲ್ಲಿ ಇಂಥವರ ಕಿವಿ ಸರಿಯಾಗಿಯೇ ಇರಬಹುದು. ಕಿವಿ ಕಳಿಸಿದ ಸಂದೇಶವನ್ನು ಮಿದುಳು ಹೆಚ್ಚಿಸಿಕೊಂಡು ಗ್ರಹಿಸುವುದೇ ತೊಂದರೆಯ ಮೂಲವೆಂದು ತಿಳಿಯಲಾಗಿದೆ.

ನಾದದ ಗುಣಗಳು

ಯಂತ್ರದಿಂದ ಹುಟ್ಟಿದ ಸಂಗೀತವೆಲ್ಲವೂ ಕೆಟ್ಟದ್ದು ಎಂಬ ಮಾತು ಸರಿಯಲ್ಲ. ಔಷಧದ್ರವ್ಯವನ್ನು ಹೇಗೆ ಗುಣಗಳಿಂದ ಅಳೆಯುತ್ತೇವೆಯೋ ಹಾಗೆಯೇ ನಾದವನ್ನೂ ಅಳೆಯಬಹುದು.

ಮೊದಲನೆಯದು ತೀಕ್ಷ್ಣ ಮತ್ತು ಮಂದ. ಜೋರಾದ ಸದ್ದು ಬಂದಾಗ ಮಧ್ಯಕಿವಿಯ ಪುಟ್ಟ ಸ್ನಾಯುವೊಂದು ಬಿಗಿದು ಒಳಕಿವಿಗೆ ಅಷ್ಟಿಷ್ಟು ರಕ್ಷಣೆ ನೀಡುತ್ತದೆ. ಆದರೆ ಬಿಗಿಯಲು ಅದಕ್ಕೆ ಕಾಲಾವಕಾಶ ಬೇಕು. ರಿದಮ್ ಪ್ಯಾಡಿನ ಪೆಟ್ಟು ತಟ್ಟನೆ ತುತ್ತತುದಿಗೇರುವುದರಿಂದ, ಸ್ನಾಯು ಎಚ್ಚೆತ್ತುಕೊಳ್ಳುವ ಮೊದಲೇ ಒಳಗೆ ತಲುಪಿರುತ್ತದೆ. ಮೆಲ್ಲನೆ ಏರುವ ಸ್ವರ ಹೀಗೆ ಬೆಚ್ಚಿಬೀಳಿಸುವುದಿಲ್ಲ.

ಎರಡನೆಯದು ರೂಕ್ಷ ಮತ್ತು ಸ್ನಿಗ್ಧ. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಕೇಳಬಲ್ಲದು. ಅದರಲ್ಲಿಯೂ 2,000ದಿಂದ 5,000 ಹರ್ಟ್ಸ್‌ ನಡುವಣ ಸದ್ದಿಗೆ ಅತ್ಯಂತ ಸೂಕ್ಷ್ಮವಾಗಿದೆ. ಡಿಜೆಯವರು ನಡುನಡುವೆ ಬಿಡುವ ಸೈರನ್ ಮತ್ತು ಕೀರಲು ಸದ್ದುಗಳು ಬಹುಮಟ್ಟಿಗೆ ಈ ಭಾಗವನ್ನೇ ತಟ್ಟುತ್ತವೆ. ಕೊಳಲನ್ನು ಹೋಲುವ ದುಂಡು ಸ್ವರಗಳು ಇದೇ ಯಂತ್ರದಿಂದ ಬಂದರೂ ಸ್ನಿಗ್ಧವಾಗಿರುತ್ತವೆ.

ಮೂರನೆಯದು ಗುರು ಮತ್ತು ಲಘು. ದೊಡ್ಡ ಸೌಂಡ್ ಬಾಕ್ಸುಗಳ ತಗ್ಗು ಸ್ವರ ಕಿವಿಗಿಂತ ಮೊದಲು ಎದೆಗೂಡಿಗೆ, ಹೊಟ್ಟೆಗೆ ಬಡಿಯುತ್ತದೆ. ಗೋಡೆಯಾಗಲಿ ಬಾಗಿಲಾಗಲಿ ಇದನ್ನು ಸುಲಭವಾಗಿ ತಡೆಯಲಾರವು. ಕಿವಿ ಮುಚ್ಚಿಕೊಂಡ ಮಗು ಆಮೇಲೂ ಅಳುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಚಲ ಮತ್ತು ಸ್ಥಿರ. ಮುಂದೇನು ಬರುವುದೆಂದು ತಿಳಿದಿರುವ ಸದ್ದನ್ನು ಮಿದುಳು ಸಹಿಸಿಕೊಳ್ಳುತ್ತದೆ. ಹಠಾತ್ತನೆ ನಿಂತು ಹಠಾತ್ತನೆ ಸಿಡಿಯುವ ಸದ್ದು ಅದನ್ನು ಭಯದ ಕಾವಲಿನಲ್ಲಿಡುತ್ತದೆ. ಇದಲ್ಲದೆ, ಇಂದಿನ ಧ್ವನಿಮುದ್ರಣಗಳಲ್ಲಿ ಮೆಲುದನಿಯನ್ನೂ ಏರುದನಿಯ ಮಟ್ಟಕ್ಕೆ ತರುವ ರೂಢಿಯಿದೆ. ಗಾಯಕರು ಉಸಿರು ತೆಗೆದುಕೊಳ್ಳುವಾಗ ಕೇಳುಗರಿಗೆ ದೊರೆಯುತ್ತಿದ್ದ ವಿಶ್ರಾಂತಿ ಅಲ್ಲಿ ಇಲ್ಲವಾಗುತ್ತದೆ.

ಹಿತವಾದ ಯಂತ್ರನಾದ

ಮಂದ, ಸ್ನಿಗ್ಧ, ಲಘು, ಸ್ಥಿರ ಎಂಬ ಗುಣಗಳು ಕೂಡಿದ ಯಂತ್ರನಾದಕ್ಕೆ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಇಂಜಿನಿಯರ್, ಕೊಳಲುವಾದಕ ಜಿ. ರಾಜ್‌ನಾರಾಯಣ್ ಅವರು ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಇಂದು ಸಂಗೀತ ಕಲಿಯುವ ಮನೆಗಳಲ್ಲಿ ಇಲೆಕ್ಟ್ರಾನಿಕ್ ತಂಬೂರಿ ಸಾಮಾನ್ಯವಾಗಿದೆ. ಅದರಲ್ಲಿ ಬೆಚ್ಚಿಬೀಳಿಸುವ ಪೆಟ್ಟಿಲ್ಲ, ಎದೆಗೆ ಬಡಿಯುವ ಭಾರವಿಲ್ಲ. ಅದೇ ಸ್ವರ ಅದೇ ಕ್ರಮದಲ್ಲಿ ಮರಳಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದನಿಯನ್ನು ಏರಿಸಿ ಇಳಿಸುವ ಗುಂಡಿ ಕೇಳುಗನ ಕೈಯಲ್ಲಿಯೇ ಇರುತ್ತದೆ. ಸೂಕ್ಷ್ಮ ಕಿವಿಯವರಿಗೆ ಈ ಹಿಡಿತವೇ ಅರ್ಧ ಚಿಕಿತ್ಸೆ. ಇಂಗ್ಲೆಂಡಿನ ಬ್ರಯಾನ್ ಈನೊ ಅವರು 1978ರಲ್ಲಿ ವಿಮಾನ ನಿಲ್ದಾಣಗಳ ತಳಮಳವನ್ನು ತಗ್ಗಿಸಲೆಂದೇ ಇಂಥ ನಿಧಾನಗತಿಯ ಯಂತ್ರಸಂಗೀತವನ್ನು ಹೊರತಂದರು. ಆಟಿಸಂ ಇರುವ ಕೆಲವು ಮಕ್ಕಳು ಜನರ ಗದ್ದಲಕ್ಕೆ ಹೆದರಿದರೂ ಏಕತಾನದ ಯಂತ್ರಸಂಗೀತವನ್ನು ಇಷ್ಟಪಟ್ಟು ಕೇಳುವುದುಂಟು.

ಅತಿಯೋಗ ಮತ್ತು ಅಯೋಗ

ಇಂದ್ರಿಯಗಳು ತಮ್ಮ ವಿಷಯದೊಡನೆ ಅನುಚಿತವಾಗಿ ಕೂಡುವುದು ರೋಗಕ್ಕೆ ಒಂದು ಕಾರಣವೆಂದು ಚರಕಸಂಹಿತೆ ಹೇಳುತ್ತದೆ. ಗುಡುಗು, ನಗಾರಿಗಳಂಥ ಅಬ್ಬರವನ್ನು ಅತಿಯಾಗಿ ಕೇಳುವುದು ಅತಿಯೋಗ. ಏನನ್ನೂ ಕೇಳದಿರುವುದು ಅಯೋಗ. ಕಠೋರವಾದ, ಅಪ್ರಿಯವಾದ ಶಬ್ದವನ್ನು ಕೇಳುವುದು ಮಿಥ್ಯಾಯೋಗ.

ಅತಿಯೋಗಕ್ಕೆ ಇಂದು ಅಳತೆಯಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಈ ಅವಧಿ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ ಸದ್ದಿನಲ್ಲಿ ನಿಲ್ಲಬಹುದಾದದ್ದು ಕೇವಲ 15 ನಿಮಿಷ. ಇದು ಸಾಮಾನ್ಯ ಕಿವಿಯ ಮಾತು. ಸೂಕ್ಷ್ಮ ಕಿವಿಗೆ ನೋವು ಇದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ.

ಅಯೋಗದ ಅಪಾಯವನ್ನು ಹೆಚ್ಚು ಜನ ಅರಿಯರು. ಸದ್ದಿಗೆ ಹೆದರಿ ಮನೆಯೊಳಗೂ ಹಗಲಿರುಳು ಕಿವಿಗೆ ಹತ್ತಿ ಇಟ್ಟುಕೊಂಡರೆ, ಮಿದುಳು ಸಣ್ಣ ಸದ್ದಿಗೂ ಇನ್ನಷ್ಟು ಹಾತೊರೆದು ಸೂಕ್ಷ್ಮತೆ ಹೆಚ್ಚುತ್ತದೆ. ಅಬ್ಬರದ ಸ್ಥಳದಲ್ಲಿ ಕಿವಿಗೆ ರಕ್ಷಣೆ ಬೇಕು. ಮನೆಯಲ್ಲಿ ಮೆಲುನಾದದ ಅಭ್ಯಾಸ ಬೇಕು.

ಪಾಲಿಸಬೇಕಾದ ಕ್ರಮ

ದಿನಕ್ಕೆ ಎರಡು ಬಾರಿ, ಹತ್ತು ನಿಮಿಷ, ಮಾತಿಗಿಂತ ಮೆಲ್ಲನೆಯ ದನಿಯಲ್ಲಿ ತಂಬೂರಿಯ ನಾದ ಕೇಳಿಸಿರಿ. ಹೆಡ್‌ಫೋನ್ ಬೇಡ, ಪೆಟ್ಟಿಗೆಯನ್ನು ಕೋಣೆಯ ಇನ್ನೊಂದು ಬದಿಯಲ್ಲಿ ಇಡಿರಿ. ಮಗು ಸಾಕೆಂದಾಗ ನಿಲ್ಲಿಸಿರಿ. ಗುಂಡಿಯನ್ನು ಅದರ ಕೈಗೇ ಕೊಡಿರಿ. ಸಮಯಕ್ಕೆ ಸರಿಯಾದ ಊಟ, ನಿದ್ರೆ, ಹಾಲು ತುಪ್ಪಗಳ ಮಿತ ಸೇವನೆ, ವಾರಕ್ಕೆರಡು ಬಾರಿ ತಲೆಗೂ ಅಂಗಾಲಿಗೂ ಎಣ್ಣೆ ಹಚ್ಚುವುದು ರಸಕ್ಷಯವನ್ನೂ ವಾತವನ್ನೂ ತಗ್ಗಿಸಲು ನೆರವಾಗುತ್ತವೆ. ಕಿವಿಗೆ ಎಣ್ಣೆ ಹಾಕುವ ಕರ್ಣಪೂರಣವನ್ನು ವೈದ್ಯರು ಪರೀಕ್ಷಿಸಿದ ಮೇಲೆಯೇ ಮಾಡಬೇಕು. ತಮಟೆ ಹರಿದಿದ್ದರೆ ಅಥವಾ ಕೀವು ಸೋರುತ್ತಿದ್ದರೆ ಕೂಡದು. ಹಠಾತ್ತನೆ ಕಿವುಡು, ಒಂದೇ ಕಿವಿಯಲ್ಲಿ ಮೊರೆತ, ತಲೆಸುತ್ತು ಕಂಡರೆ ತಡಮಾಡದೆ ಕಿವಿತಜ್ಞರಲ್ಲಿಗೆ ಹೋಗಿರಿ. ಮಕ್ಕಳ ಶ್ರವಣದ ಕುರಿತು ವಿವರವಾದ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಉತ್ಸವ ನಡೆಸುವ ಸದ್ಭಕ್ತರಲ್ಲಿಯೂ ನಮ್ಮದೊಂದು ಬಿನ್ನಹವಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದ್ದು, ರಾತ್ರಿ 10ರಿಂದ ಬೆಳಗಿನ 6ರವರೆಗಿನ ಅವಧಿಯನ್ನು ರಾತ್ರಿಯೆಂದು ಎಣಿಸಲಾಗಿದೆ. ಅದನ್ನು ಪಾಲಿಸಿರಿ. ಸೌಂಡ್ ಬಾಕ್ಸಿನಿಂದ ದೂರವನ್ನು ಎರಡು ಪಟ್ಟು ಮಾಡಿದರೆ ಬಯಲಿನಲ್ಲಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದುದರಿಂದ ಪ್ರಸಾದ ನಿಲಯದ ಒಂದು ಮೂಲೆಯನ್ನಾದರೂ ಸದ್ದಿನಿಂದ ದೂರವಿಟ್ಟು ಇಂಥವರಿಗೆ ಮೀಸಲಿಡಿರಿ. ಸೈರನ್ ಸದ್ದು ಬೇಡವೆಂದು ಡಿಜೆಯವರಿಗೆ ಮುಂಚೆಯೇ ತಿಳಿಸಿರಿ. ಬಿಂಕದಕಟ್ಟಿಯ ಮೃಗಾಲಯಕ್ಕೆ ಹೋದಾಗ ಪ್ರಾಣಿಗಳು ಬೆದರಬಾರದೆಂದು ನಾವು ದನಿ ತಗ್ಗಿಸುತ್ತೇವೆ. ಆ ಕರುಣೆ ನಮ್ಮ ಓಣಿಯ ಮಗುವಿಗೂ ಸಲ್ಲಬೇಕು. ಅಂಧ ಮಕ್ಕಳು ಕಿವಿಯಿಂದಲೇ ವಿದ್ಯೆ ಪಡೆದು ಬೆಳಗಿದ ವೀರೇಶ್ವರ ಪುಣ್ಯಾಶ್ರಮ ಇರುವುದು, ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನಾದಸೇವೆ ಮಾಡಿದ್ದು ಇದೇ ಗದಗಿನಲ್ಲಿ. ಕಿವಿಯ ಬೆಲೆಯನ್ನು ಈ ನೆಲದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.