ತೆರೆದ ಮಾಹಿತಿ, ತೆರೆಯದ ಬಾಗಿಲು

“ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸರ್ವರಿಗೂ ಸಲ್ಲಲೆಂದು ಪ್ರಕಟಿಸಿದ ಮಾಹಿತಿಯನ್ನು ನಮ್ಮ ಬ್ರೌಸರು ನಡುವೆಯೇ ತಡೆಹಿಡಿಯುವುದನ್ನು ಕಂಡವರಿಗೆ ಈ ಗಾದೆ ನೆನಪಾಗದಿರದು. ಆದರೆ ಇಲ್ಲಿ ಪೂಜಾರಿಯನ್ನು ದೂರುವುದು ನ್ಯಾಯವಲ್ಲ. ಅದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ವಿಶ್ವವ್ಯಾಪಿ ಜಾಲದ ಜನಕರಾದ ಟಿಮ್ ಬರ್ನರ್ಸ್-ಲೀ ಅವರು 2006ರಲ್ಲಿ ‘ಲಿಂಕ್ಡ್ ಡೇಟಾ’ದ, ಎಂದರೆ ಒಂದಕ್ಕೊಂದು ಬೆಸೆದ ಮಾಹಿತಿಯ, ನಿಯಮಗಳನ್ನು ಬರೆದರು. ಪ್ರತಿಯೊಂದು ವಸ್ತುವಿಗೂ ಜಾಲದಲ್ಲಿ ಒಂದು ವಿಳಾಸವಿರಬೇಕು. ಆ ವಿಳಾಸಕ್ಕೆ ಹೋದರೆ ಉಪಯುಕ್ತ ವಿವರ ದೊರೆಯಬೇಕು. ಆ ವಿವರದಿಂದ ಬೇರೆ ವಸ್ತುಗಳಿಗೆ ಕೊಂಡಿಗಳಿರಬೇಕು. 2012ರಲ್ಲಿ ಆರಂಭವಾದ ವಿಕಿಡೇಟಾ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಕರ್ನಾಟಕಕ್ಕೆ ಕ್ಯೂ1185 ಎಂಬ ಗುರುತು, ಬೆಂಗಳೂರಿಗೆ ಕ್ಯೂ1355; ‘ರಾಜಧಾನಿ’ ಎಂಬ ಸಂಬಂಧ ಇವೆರಡನ್ನೂ ಬೆಸೆಯುತ್ತದೆ. ಅಲ್ಲಿಯ ಮಾಹಿತಿಯನ್ನು ಯಾರು ಬೇಕಾದರೂ ಬಳಸಬಹುದು.

ಕನ್ನಡ ಸಾಹಿತಿಗಳ ಜನ್ಮಸ್ಥಳಗಳನ್ನು ನಕ್ಷೆಯ ಮೇಲೆ ತೋರಿಸುವ ಪುಟವೊಂದನ್ನು ನಾವು ರಚಿಸಿದೆವೆಂದಿಟ್ಟುಕೊಳ್ಳೋಣ. ಪುಟವಿರುವುದು ಒಂದು ತಾಣದಲ್ಲಿ, ಮಾಹಿತಿ ಇರುವುದು ಇನ್ನೊಂದರಲ್ಲಿ. ಪ್ರೋಟೋಕಾಲ್, ತಾಣದ ಹೆಸರು, ಪೋರ್ಟ್ ಸಂಖ್ಯೆ—ಈ ಮೂರರಲ್ಲಿ ಒಂದು ಬೇರೆಯಾದರೂ ಬ್ರೌಸರಿನ ದೃಷ್ಟಿಯಲ್ಲಿ ಅವು ಬೇರೆ ಬೇರೆ ಮೂಲಗಳು. ಒಂದು ಮೂಲದ ಪುಟವು ಇನ್ನೊಂದು ಮೂಲದ ಉತ್ತರವನ್ನು ಓದಲು ಅದು ಬಿಡದು. ಉತ್ತರ ಬಂದಿದ್ದರೂ ಪುಟದ ಕೈಗೆ ಕೊಡದು.

ಈ ಕಟ್ಟುನಿಟ್ಟು ಏತಕ್ಕೆ? ನಾವು ಬ್ಯಾಂಕಿನ ತಾಣದೊಳಗೆ ಪ್ರವೇಶಿಸಿರುವಾಗಲೇ ಯಾವುದೋ ವಂಚಕನ ಪುಟವನ್ನೂ ತೆರೆದೆವೆನ್ನಿ. ಈ ನಿಯಮವಿಲ್ಲದಿದ್ದರೆ ಆ ಪುಟವು ನಮ್ಮ ಹೆಸರಿನಲ್ಲಿಯೇ ಬ್ಯಾಂಕಿನಿಂದ ಲೆಕ್ಕಪತ್ರವನ್ನು ತರಿಸಿ ಓದಿಬಿಡಬಹುದು. ಆದುದರಿಂದ 1995–96ರ ಸುಮಾರಿನಲ್ಲಿ, ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿಯ ಕಾಲದಲ್ಲಿ, ಈ ಕಾವಲು ಜಾರಿಗೆ ಬಂದಿತು. ಯಾವುದು ಬ್ಯಾಂಕಿನ ಲೆಕ್ಕ, ಯಾವುದು ಸಾರ್ವಜನಿಕ ಮಾಹಿತಿ ಎಂದು ಬ್ರೌಸರು ತಾನಾಗಿ ಅರಿಯಲಾರದು. ಅದನ್ನು ಮಾಹಿತಿಯ ಒಡೆಯನೇ ಹೇಳಬೇಕು.

ಹೇಳುವ ಕ್ರಮವೇ ‘ಕಾರ್ಸ್’. ವಿಶ್ವವ್ಯಾಪಿ ಜಾಲ ಒಕ್ಕೂಟವು 2014ರಲ್ಲಿ ಇದನ್ನು ಶಿಫಾರಸಾಗಿ ಪ್ರಕಟಿಸಿತು. ಸರ್ವರು ತನ್ನ ಉತ್ತರದ ಜೊತೆಗೆ ‘ಆಕ್ಸೆಸ್-ಕಂಟ್ರೋಲ್-ಅಲೋ-ಆರಿಜಿನ್’ ಎಂಬ ಶಿರೋಲೇಖವನ್ನೂ ಅದರ ಮುಂದೆ ಒಂದು ನಕ್ಷತ್ರ ಚಿಹ್ನೆಯನ್ನೂ ಕಳುಹಿಸಿದರೆ ಸಾಕು. ಯಾವ ಮೂಲದ ಪುಟವಾದರೂ ಓದಬಹುದೆಂದು ಅದರ ಅರ್ಥ. ವಿಕಿಡೇಟಾದ ಪ್ರಶ್ನಸೇವೆ ಹೀಗೆಯೇ ಮಾಡುತ್ತದೆ. ಖಾಸಗಿ ಮಾಹಿತಿಗೆ ಮಾತ್ರ ಈ ನಕ್ಷತ್ರ ಸಲ್ಲದು. ಬಳಕೆದಾರನ ಗುರುತಿನ ಕುಕಿಗಳನ್ನು ಜೊತೆಗೆ ಕಳುಹಿಸಿದ ಕೋರಿಕೆಗೆ ಈ ನಕ್ಷತ್ರವನ್ನು ಬ್ರೌಸರೂ ಒಪ್ಪುವುದಿಲ್ಲ.

ಈ ಒಂದು ಸಾಲಿಲ್ಲದಿದ್ದರೆ ನಷ್ಟ ಯಾರಿಗೆ? ಹಣವುಳ್ಳವರಿಗಲ್ಲ. ಬ್ರೌಸರಿನ ನಿಯಮವು ಸರ್ವರುಗಳ ಪರಸ್ಪರ ವ್ಯವಹಾರಕ್ಕೆ ಅನ್ವಯಿಸದಾದ್ದರಿಂದ, ಅವರು ನಡುವೆ ತಮ್ಮದೊಂದು ಸರ್ವರನ್ನಿಟ್ಟು ಮಾಹಿತಿಯನ್ನು ತರಿಸಿಕೊಳ್ಳುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನಂತಹವರಿಗೆ ಸರ್ವರು ಎಲ್ಲಿಂದ ಬರಬೇಕು? ನಮಗಿರುವುದು ಒಂದು ಬ್ರೌಸರು, ಕಲಿಯುವ ಹಂಬಲ, ಇಷ್ಟೇ.

ಗ್ರಂಥಾಲಯವು ಸಾರ್ವಜನಿಕರದೆಂದು ಫಲಕ ತೂಗುಹಾಕಿದರೆ ಸಾಲದು, ಬಾಗಿಲ ಅಗುಳಿಯನ್ನೂ ತೆಗೆಯಬೇಕು. ಮಾಹಿತಿಯನ್ನು ಪ್ರಕಟಿಸುವ ಸಂಸ್ಥೆಗಳು ಅನುಮತಿಪತ್ರದೊಡನೆ ಆ ಒಂದು ಸಾಲನ್ನೂ ಬರೆದರೆ, ‘ಮುಕ್ತ’ ಎಂಬ ಮಾತು ಬಡ ವಿದ್ಯಾರ್ಥಿಯ ಪಾಲಿಗೂ ನಿಜವಾದೀತು.